ಬುರಿಗಂಗಾ ನದಿ ದಡದ ಹಾಳು ಮಸೀದಿ: ಈ ಮಸಿಚಿತ್ರ ಯಾರದ್ದು, ಯಾವ ಜಾಗದ್ದು?

ನೂಲೆಳೆ (ಬುಧವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿದ್ದೇನೆ. ಬಟ್ಟೆ ನೋಡಲು, ರೇಟು ಮಾತಾಡಲು ವರ್ಷಕ್ಕೆ ಎರಡು ಮೂರು ಸಲ ಢಾಕಾಗೆ ಬರುತ್ತೇನೆ. ಈ ಸಲ ಇಳಿದುಕೊಂಡ ಗೆಸ್ಟ್ ಹೌಸಿನ ಮೆಟ್ಟಿಲ ತಿರುವಿನಲ್ಲಿ ಒಂದು ಚಿತ್ರ ತೂಗುಹಾಕಿದ್ದಾರೆ. ದಿನಕ್ಕೆ ನಾಲ್ಕು ಸಲ ಅದರ ಮುಂದೆ ಹಾದುಹೋಗುತ್ತೇನೆ. ಈಗ ಅದು ತಲೆಯಲ್ಲೇ ಕೂತುಬಿಟ್ಟಿದೆ.

ಕಂದು ಮಸಿಯ ಗೆರೆಗಳು. ಬಲಗಡೆ ಎತ್ತರದ ದಡದ ಮೇಲೆ ಮಸೀದಿ. ಮೂರು ಗುಮ್ಮಟ, ನಡುವಿನದು ದೊಡ್ಡದು, ಪಕ್ಕದ್ದೊಂದು ಅರ್ಧ ಬಿದ್ದಿದೆ. ಗೋಡೆಯ ಬಿರುಕಿನಿಂದ ಮರ ಎದ್ದಿದೆ. ಕೆಳಗೆ ಮೆಟ್ಟಿಲು, ನೀರು, ಎರಡು ದೋಣಿ, ನೀರಿಗೆ ಬಗ್ಗಿರುವ ಇಬ್ಬರು. ಬುಡದಲ್ಲಿ ಪೆನ್ಸಿಲಿನಿಂದ ಇಂಗ್ಲಿಷಿನಲ್ಲಿ ಒಂದು ಸಾಲು: ಹಾಳು ಮಸೀದಿ, ಢಾಕಾ ಹತ್ತಿರ, ನದಿಯಿಂದ ಕಂಡಂತೆ. ಸಹಿ ಇಲ್ಲ, ಇಸವಿ ಇಲ್ಲ.

ಮ್ಯಾನೇಜರ್ ಹತ್ತಿರ ಕೇಳಿದರೆ "ಡಾಯ್ಲಿ ಸಾಹೇಬರದ್ದು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಗಾಜಿನ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತದೆ, ಹಾಗಾಗಿ ಫೋಟೋ ಅಷ್ಟು ಚೆನ್ನಾಗಿಲ್ಲ. ಯಾರಿಗಾದರೂ ಏನಾದರೂ ಹೊಳೆಯುತ್ತಾ ನೋಡಿ.

ಬಳಪದ ಮೇಷ್ಟ್ರು (ಬುಧವಾರ, ರಾತ್ರಿ 10:25)

ಛಲೋ ಚಿತ್ರ ಹಾಕೀರಿ, ತಂಗಿ. ಮೂವತ್ತು ವರ್ಷ ಡ್ರಾಯಿಂಗ್ ಕ್ಲಾಸು ತೆಗೆದುಕೊಂಡವನು ನಾನು. ನಿವೃತ್ತಿಯಾದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಕಾಲದ ಚಿತ್ರ ನೋಡುವುದೇ ಕೆಲಸ.

ಮೊದಲು ಡಾಯ್ಲಿ ಯಾರು ಹೇಳುತ್ತೇನೆ. ಚಾರ್ಲ್ಸ್ ಡಾಯ್ಲಿ 1781ರಲ್ಲಿ ಮುರ್ಷಿದಾಬಾದಿನಲ್ಲೇ ಹುಟ್ಟಿದವರು. ಚಿಕ್ಕವರಿದ್ದಾಗಲೇ ಇಂಗ್ಲೆಂಡಿಗೆ ಕಳಿಸಿದರು. ಓದು ಮುಗಿಸಿ 1798ರಲ್ಲಿ ಕಂಪನಿ ನೌಕರಿಗೆ ವಾಪಸು ಬಂದರು. 1808ರಲ್ಲಿ ಢಾಕಾದ ಕಲೆಕ್ಟರ್ ಆದರು. ಹಗಲು ಕಂದಾಯದ ಲೆಕ್ಕ, ಬಿಡುವು ಸಿಕ್ಕಾಗ ಹಳೆಯ ಕಟ್ಟಡಗಳ ಚಿತ್ರ. ಮುಂದೆ 1821ರಲ್ಲಿ ಪಾಟ್ನಾದಲ್ಲಿ ಅಫೀಮು ಏಜೆಂಟ್ ಆದರು. ಅಲ್ಲಿಯೂ ಸುಮ್ನೆ ಕೂರಲಿಲ್ಲ, ಕಲ್ಲಚ್ಚಿನ ಪ್ರೆಸ್ಸು ಹಾಕಿದರು.

ಅವರಿಗೆ ಒಳ್ಳೆಯ ಮೇಷ್ಟ್ರು ಸಿಕ್ಕಿದ್ದರು. ಜಾರ್ಜ್ ಚಿನ್ನರಿ. ಲಂಡನ್ನಿನವರು, 1774ರಲ್ಲಿ ಹುಟ್ಟಿದ್ದು. 1802ರಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ಕಲ್ಕತ್ತಾ, ಅಲ್ಲಿಂದ 1808ರಲ್ಲಿ ಢಾಕಾ. ಡಾಯ್ಲಿ ಆಶ್ರಯದಲ್ಲೇ ಇದ್ದು ಇಬ್ಬರೂ ಕೂಡಿ ಊರು ಸುತ್ತಿ ಚಿತ್ರ ಮಾಡಿದರು. ಮುಂದೆ ಕಲ್ಕತ್ತಾದಲ್ಲಿ ಸಾಲ ಮೈಮೇಲೆ ಬಂತು. 1825ರಲ್ಲಿ ಚಿನ್ನರಿ ಮಕಾವ್‌ಗೆ ಕಾಲ್ತೆಗೆದರು. 1852ರಲ್ಲಿ ಅಲ್ಲೇ ತೀರಿಕೊಂಡರು. ಕಲಾವಿದರ ಸಾಲದ ಕಥೆ ಎಲ್ಲ ಕಾಲಕ್ಕೂ ಒಂದೇ ನೋಡ್ರಿ.

ಡಾಯ್ಲಿ ಬಿಡಿಸಿದ ಢಾಕಾ ಚಿತ್ರಗಳನ್ನು ಲಂಡನ್ನಿನ ಜಾನ್ ಲ್ಯಾಂಡ್‌ಸೀರ್ ತಾಮ್ರದ ತಗಡಿನ ಮೇಲೆ ಕೊರೆದರು. 1814ರಿಂದ ಅವು ಕಂತು ಕಂತಾಗಿ ಅಚ್ಚಾಗಿ ಬಂದವು. ಬಡಾ ಕಟ್ರಾ, ಛೋಟಾ ಕಟ್ರಾ ಎಂಬ ಮೊಘಲರ ಕಾಲದ ಛತ್ರಗಳು, ಪಾಗ್ಲಾ ಸೇತುವೆ, ಹೊಳೆದಂಡೆಯ ಮಸೀದಿಗಳು ಎಲ್ಲ ಅದರಲ್ಲಿವೆ.

ಆದರೆ ನಿಮ್ಮ ಚಿತ್ರ ಡಾಯ್ಲಿಯದ್ದು ಅಂತ ಒಪ್ಪಲು ನನಗೆ ಮನಸ್ಸಾಗುತ್ತಿಲ್ಲ. ಡಾಯ್ಲಿ ಕಟ್ಟಡವನ್ನು ಅಚ್ಚುಕಟ್ಟಾಗಿ ನಿಲ್ಲಿಸುತ್ತಾರೆ. ಇದರಲ್ಲಿ ಗುಮ್ಮಟದ ಗೆರೆ ಎರಡೆರಡು ಸಲ ಎಳೆದು ಸರಿಮಾಡಿದಂತಿದೆ. ಕೈ ಚೆನ್ನಾಗಿದೆ, ಆದರೆ ಪಳಗಿಲ್ಲ. ಆ ಕಾಲದಲ್ಲಿ ಎಷ್ಟೋ ಸಾಹೇಬರು, ಮೇಡಮ್ಮುಗಳು ದೋಣಿಯಲ್ಲಿ ಕೂತು ಹೀಗೆ ಬರೆಯುತ್ತಿದ್ದರು. ಸೇನೆಯ ಅಧಿಕಾರಿಗಳಿಗಂತೂ ಚಿತ್ರ ಬರೆಯುವುದನ್ನು ಕಲಿಸಿಯೇ ಕಳಿಸುತ್ತಿದ್ದರು. ನಕ್ಷೆ, ಕೋಟೆ ಎಲ್ಲ ಬರೆಯಬೇಕಲ್ಲ.

ಸುಮ್ನೆ ಬಂದವ (ಗುರುವಾರ, ಬೆಳಿಗ್ಗೆ 7:10)

ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಊರಿನ ಕಂದಾಯ ಎತ್ತುವವರೇ ಊರಿನ ಹಾಳುಬಿದ್ದ ಗೋಡೆಗಳ ಚಿತ್ರ ಬರೆಯುತ್ತಾರೆ. ಇದು ನಿಮಗೆ ವಿಚಿತ್ರ ಅನಿಸೋದಿಲ್ವಾ? ಢಾಕಾ 1610ರಿಂದ ಮೊಘಲರ ಬಂಗಾಳ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ. ಆಮೇಲೆ ರಾಜಧಾನಿ ಮುರ್ಷಿದಾಬಾದಿಗೆ ಹೋಯಿತು, ಅದು ನಿಜ. ಆದರೂ ಬಟ್ಟೆ ವ್ಯಾಪಾರ ಊರನ್ನು ಹಿಡಿದು ನಿಲ್ಲಿಸಿತ್ತು. ಆ ವ್ಯಾಪಾರವೂ ಕುಸಿದು, 1838ರ ಲೆಕ್ಕದಲ್ಲಿ ಊರಿನ ಜನ ಸುಮಾರು 68 ಸಾವಿರ. ಅಂಥ ಊರಿಗೆ ಇಷ್ಟೇ.

ಚಿತ್ರದಲ್ಲಿ ಇದೆಲ್ಲ ಎಲ್ಲಿದೆ? ಬಳ್ಳಿ ಇದೆ, ಮರ ಇದೆ, ಚೆಂದದ ಬಿರುಕಿದೆ. ಎಲ್ಲ ತಾನಾಗಿಯೇ ಹಾಳಾಯಿತು ಅನ್ನುವ ಹಾಗೆ. ನನ್ನ ಪ್ರಕಾರ ಇಂಥ ಚಿತ್ರದಿಂದ ಬರೆದವರ ಬಗ್ಗೆ ತಿಳಿಯಬಹುದು, ಮಸೀದಿ ಬಗ್ಗೆ ಏನೂ ತಿಳಿಯೋದಿಲ್ಲ.

ನೂಲೆಳೆ (ಗುರುವಾರ, ಬೆಳಿಗ್ಗೆ 8:05)

ಬಟ್ಟೆ ವಿಷಯ ಬಂದರೆ ನಾನು ಸುಮ್ಮನಿರೋದು ಕಷ್ಟ. ಢಾಕಾ ಮಸ್ಲಿನ್ ಅನ್ನುವ ತೆಳು ಬಟ್ಟೆಯ ನೂಲು 'ಫುಟಿ ಕರ್ಪಾಸ್' ಎಂಬ ಹತ್ತಿಯದ್ದು. ಮೇಘನಾ ನದಿಯ ದಂಡೆಯಲ್ಲಿ ಬೆಳೆಯುತ್ತಿತ್ತು. ನೂಲುವವರು ಬೆಳಗಿನ ಜಾವ, ಗಾಳಿಯಲ್ಲಿ ತೇವ ಇರುವಾಗಲೇ ನೂಲಬೇಕಿತ್ತು. ಬಿಸಿಲೇರಿದರೆ ಎಳೆ ಕಡಿದುಹೋಗುತ್ತಿತ್ತು. ಬಟ್ಟೆಯ ಹೆಸರುಗಳೂ ಹಾಗೇ. ಒಂದು ಶಬ್ನಂ, ಅಂದರೆ ಇಬ್ಬನಿ. ಇನ್ನೊಂದು ಆಬ್-ಎ-ರವಾನ್, ಹರಿಯುವ ನೀರು.

ಕಂಪನಿ ತನ್ನ ಢಾಕಾದ ವ್ಯಾಪಾರಿ ಕೋಠಿಯನ್ನು 1817ರಲ್ಲಿ ಮುಚ್ಚಿತು. ಅಂದರೆ ಡಾಯ್ಲಿ ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾಗುತ್ತಿದ್ದ ಹೊತ್ತಿಗೇ ಇಲ್ಲಿ ಮಗ್ಗದ ಕೆಲಸ ನಿಲ್ಲುತ್ತಿತ್ತು. ಸುಮ್ನೆ ಬಂದವರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ 'ಏನೂ ತಿಳಿಯೋದಿಲ್ಲ' ಅಂದಿದ್ದು ಸ್ವಲ್ಪ ಜಾಸ್ತಿ ಆಯಿತು.

ಗಾರೆ ಸುಣ್ಣ (ಗುರುವಾರ, ಮಧ್ಯಾಹ್ನ 1:30)

ನಾನು ಹಳೆಯ ಕಟ್ಟಡಗಳ ರಿಪೇರಿ ಮಾಡುವವನು. ಆದ್ದರಿಂದ ಚಿತ್ರಕಲೆ ಬಿಟ್ಟು ಗೋಡೆ ಬಗ್ಗೆ ಮಾತಾಡುತ್ತೇನೆ.

'ಹಾಳು' ಎಂಬ ಮಾತನ್ನು ಮೊದಲು ಪಕ್ಕಕ್ಕೆ ಇಡಿ. ಬಂಗಾಳದ ಆ ಭಾಗದಲ್ಲಿ ಕಲ್ಲು ಇಲ್ಲ. ನೂರಾರು ಮೈಲಿ ಬರೀ ಮೆಕ್ಕಲು ಮಣ್ಣು. ಹಾಗಾಗಿ ಇಟ್ಟಿಗೆಯೇ ಗತಿ. ಇಟ್ಟಿಗೆ ಮೇಲೆ ಸುಣ್ಣ ಮತ್ತು ಇಟ್ಟಿಗೆಪುಡಿಯ ಗಾರೆ. ಆ ಪುಡಿಗೆ ನಾವು ಈಗಲೂ ಸುರ್ಕಿ ಅನ್ನುತ್ತೇವೆ. ಸುಣ್ಣದ ಕಲ್ಲು ಸಿಲ್ಹೆಟ್ ಕಡೆಯಿಂದ, ಖಾಸಿ ಬೆಟ್ಟದ ಬುಡದಿಂದ ದೋಣಿಯಲ್ಲಿ ಬರಬೇಕಿತ್ತು. ದುಡ್ಡಿನ ಬಾಬತ್ತು.

ಇಂಥ ಗೋಡೆಗೆ ಮಳೆಗಾಲ ಮುಗಿದ ಮೇಲೆ ವರ್ಷವರ್ಷ ಸುಣ್ಣ ಬಳಿಯಲೇಬೇಕು. ನಾಲ್ಕು ವರ್ಷ ಬಿಟ್ಟರೆ ಕಪ್ಪು ಪಾಚಿ. ಎಂಟು ಹತ್ತು ವರ್ಷ ಬಿಟ್ಟರೆ ಗಾರೆ ಹೊಪ್ಪಳಿಕೆಯಾಗಿ ಬೀಳುತ್ತದೆ. ಹಕ್ಕಿ ಹಿಕ್ಕೆಯಿಂದ ಅರಳಿ ಬೀಜ ಬಿರುಕಿಗೆ ಬಿತ್ತು ಅಂದರೆ ಮುಗಿಯಿತು. ಹದಿನೈದು ವರ್ಷದಲ್ಲಿ ಚಿತ್ರಕ್ಕೆ ಬೇಕಾದಷ್ಟು ಹಾಳು ಸಿದ್ಧ! ಒಳಗೆ ಕಮಾನು, ಗೋಡೆ ಗಟ್ಟಿಯಾಗಿಯೇ ಇರಬಹುದು. ಹೊರಗಿಂದ ನೋಡಿದವರಿಗೆ ಮಾತ್ರ ಸಾವಿರ ವರ್ಷ ಹಳೆಯದು ಅನ್ನಿಸುತ್ತದೆ.

ಮತ್ತೆ ಸುಣ್ಣ ಬಳಿಯೋದು ಯಾಕೆ ನಿಂತಿತು? ಅದಕ್ಕೆ ಕಾರಣ ಹವೆ ಅಲ್ಲ. ಮಸೀದಿಗಳಿಗೆ ಬಿಟ್ಟುಕೊಟ್ಟ ಜಮೀನಿನ ಹುಟ್ಟುವಳಿಯಿಂದ ರಿಪೇರಿ ನಡೆಯುತ್ತಿತ್ತು. ನಮ್ಮಲ್ಲಿ ದೇವಸ್ಥಾನಕ್ಕೆ ಉಂಬಳಿ ಇದ್ದ ಹಾಗೆ. ಕಂದಾಯ ಪದ್ಧತಿ ಬದಲಾದಾಗ, ಕಟ್ಟಿಸಿದ ಮನೆತನಗಳು ಬಡವಾದಾಗ ಸುಣ್ಣದ ದುಡ್ಡು ನಿಂತಿತು. ಆದ್ದರಿಂದ ಸುಮ್ನೆ ಬಂದವರೇ, ನೀವು ಕೇಳಿದ 'ಇದೆಲ್ಲ' ಚಿತ್ರದಲ್ಲೇ ಇದೆ. ಆ ಬಿರುಕಿನಲ್ಲೇ ಇದೆ. ಬರೆದವರಿಗೆ ಅದು ಗೊತ್ತಿತ್ತೋ ಇಲ್ಲವೋ, ಬೇರೆ ಮಾತು.

ಗುಮ್ಮಟ ಬಿದ್ದದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. 1762ರ ಏಪ್ರಿಲಿನ ದೊಡ್ಡ ಭೂಕಂಪ ಢಾಕಾವನ್ನೂ ಅಲುಗಾಡಿಸಿತ್ತು. ಹೊಳೆಯ ಕಡೆ ದಡ ಕುಸಿದರೆ ಆ ಮೂಲೆ ಮೊದಲು ಇಳಿಯುತ್ತದೆ. ಅಡಿಪಾಯ ಒಂದು ಬದಿಗೆ ಕೂತರೆ ಗೋಡೆಯಲ್ಲಿ ಬಿರುಕು ಓರೆಯಾಗಿ, ಮೆಟ್ಟಿಲು ಹತ್ತಿದ ಹಾಗೆ ಇಟ್ಟಿಗೆ ಸಂದಿಯಲ್ಲಿ ಹೋಗುತ್ತದೆ. ನೂಲೆಳೆ ಅವರೇ, ಬಿರುಕು ನೆಟ್ಟಗಿದೆಯೋ ಓರೆಯೋ, ನೋಡಿ ಹೇಳುತ್ತೀರಾ?

ಹೊಳೆದಂಡೆ (ಗುರುವಾರ, ಸಂಜೆ 6:15)

ಗಾರೆ ಸುಣ್ಣದವರು ಹೇಳಿದ್ದು ನೂರಕ್ಕೆ ನೂರು. ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜನ ಮನೆ ಎರಡು ಮಳೆಗಾಲ ಖಾಲಿ ಇತ್ತು ಅಷ್ಟೇ ಮಾರಾಯ್ರೆ. ಹೋಗಿ ನೋಡಿದರೆ ಪಾಗಾರದ ಮೇಲೆ ನನ್ನೆತ್ತರದ ಅರಳಿ ಸಸಿ. ಗೋಡೆ ತುಂಬ ಜರಿಗಿಡ. ಪರಊರಿನ ನೆಂಟರೊಬ್ಬರು ಬಂದು "ಎಷ್ಟು ಹಳೇದು ಇದು, ಕೆಳದಿ ಅರಸರ ಕಾಲದ್ದಾ?" ಎಂದು ಫೋಟೋ ತೆಗೆದುಕೊಂಡರು. ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ ಕಟ್ಟಿದ ಮನೆ ಅದು!

ಮಳೆ ನೋಡದವರಿಗೆ ಮಳೆಯ ಲೆಕ್ಕ ಸಿಗೋದಿಲ್ಲ. ಇಂಗ್ಲೆಂಡಿನಿಂದ ಬಂದವರು ಅಲ್ಲಿನ ಪಾಳುಗೋಡೆಯ ಅಂದಾಜಿನಲ್ಲೇ ಇಲ್ಲಿನದನ್ನೂ ಅಳೆದಿರಬೇಕು.

ನೂಲೆಳೆ (ಗುರುವಾರ, ರಾತ್ರಿ 9:15)

ಬಿರುಕು ಓರೆ! ಎಡಗಡೆ ಗೋಡೆಯ ಬುಡದಿಂದ ಶುರುವಾಗಿ ಬಲಕ್ಕೆ ಏರುತ್ತಾ ಹೋಗಿದೆ. ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಮೂಲೆ ಮೂಲೆಯಾಗಿ ತಿರುಗಿದೆ, ನೀವು ಹೇಳಿದ ಮೆಟ್ಟಿಲಿನ ಹಾಗೆ.

ಇನ್ನೊಂದು ಸುದ್ದಿ ಹೇಳಲು ಸ್ವಲ್ಪ ನಾಚಿಕೆ. ಬಟ್ಟೆಯ ಎಳೆ ಎಣಿಸಲು ನಮ್ಮ ಹತ್ತಿರ ಸಣ್ಣ ಮಡಚುವ ಭೂತಗನ್ನಡಿ ಇರುತ್ತದೆ. ಅದನ್ನು ಗಾಜಿನ ಮೇಲಿಟ್ಟು ನೋಡಿದೆ. ಗೆರೆಯೆಲ್ಲ ಚುಕ್ಕಿ ಚುಕ್ಕಿ. ಕೆಂಪು, ಹಳದಿ, ನೀಲಿ ಚುಕ್ಕಿ. ಅಂದರೆ ಇದು ಈಗಿನ ಪ್ರಿಂಟು, ಅಲ್ವಾ? ಎರಡು ದಿನದಿಂದ ಇನ್ನೂರು ವರ್ಷ ಹಳೆಯ ಕಾಗದದ ಮುಂದೆ ನಿಂತಿದ್ದೇನೆ ಅಂದುಕೊಂಡಿದ್ದೆ.

ಬಳಪದ ಮೇಷ್ಟ್ರು (ಗುರುವಾರ, ರಾತ್ರಿ 10:00)

ಹೌದು, ಆಫ್‌ಸೆಟ್ ಪ್ರಿಂಟು. ಬೇಜಾರು ಯಾಕೆ? ಅಸಲಿ ಹಾಳೆಯನ್ನು ಮೆಟ್ಟಿಲ ಬಿಸಿಲಿಗೆ ತೂಗುಹಾಕಿದ್ದರೆ ನಾನು ಅಳುತ್ತಿದ್ದೆ. ಮಸಿಯ ಬಣ್ಣವನ್ನು ಮಾತ್ರ ಇನ್ನು ನಂಬುವ ಹಾಗಿಲ್ಲ. ಗೆರೆಯ ಆಕಾರವನ್ನು ಧಾರಾಳವಾಗಿ ನಂಬಬಹುದು.

ಮಸಿ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ. ಹಳೆಯ ಚಿತ್ರದ ಕಂದು ಬಣ್ಣ ಬೇಕೆಂದೇ ಹಾಕಿದ್ದು ಇರಬಹುದು, ಕಪ್ಪು ಮಸಿ ವಯಸ್ಸಾಗಿ ಕಂದಾದದ್ದೂ ಇರಬಹುದು. ಯುರೋಪಿನವರು ಬರೆಯಲು ಬಳಸುತ್ತಿದ್ದ ಮಸಿಗೆ ಬೇಕಾದದ್ದು ಮಾಚಿಕಾಯಿ, ಅನ್ನಭೇದಿ, ಗೋಂದು. ಮೂರೂ ಈಗಲೂ ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ. ಮಾಚಿಕಾಯಿ ಕಷಾಯಕ್ಕೆ ಅನ್ನಭೇದಿ ಬಿದ್ದ ಕೂಡಲೇ ಕಪ್ಪಾಗುತ್ತದೆ. ಮಕ್ಕಳಿಗೆ ಮಾಡಿ ತೋರಿಸಿದರೆ ಮ್ಯಾಜಿಕ್ಕು. ಆದರೆ ಅದರಲ್ಲಿ ಕಬ್ಬಿಣದ ಅಂಶ, ಹುಳಿ ಎರಡೂ ಇವೆ. ವರ್ಷ ಕಳೆದಂತೆ ಕಂದಾಗುತ್ತದೆ. ದಪ್ಪಗೆ ಹಚ್ಚಿದ ಕಡೆ ಕಾಗದವನ್ನೇ ತಿನ್ನುತ್ತದೆ. ದೀಪದ ಕಾಡಿಗೆಯ ಮಸಿ ಹಾಗಲ್ಲ, ಸಾವಿರ ವರ್ಷವಾದರೂ ಕಪ್ಪೇ. ಇನ್ನೊಂದು ಸಮುದ್ರದ ಬೊಂಡಾಸ್ ಜಾತಿಯ ಪ್ರಾಣಿ ಉಗುಳುವ ಮಸಿ. ಸೆಪಿಯಾ ಅನ್ನುವ ಬಣ್ಣದ ಹೆಸರು ಅಲ್ಲಿಂದಲೇ ಬಂದದ್ದು.

ನಮ್ಮಲ್ಲಿ ಮಸಿಯನ್ನೇ ತಿರುವುಮುರುವು ಮಾಡಿದ್ದರು. ಕಡತ ನೋಡಿರಬೇಕಲ್ಲ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲುಪುಡಿ ಬಳಿದು ಕರಿಹಲಗೆ ಮಾಡಿ ಮಡಚಿ, ಮೇಲೆ ಬಳಪದಲ್ಲಿ ಬಿಳಿ ಅಕ್ಷರ. ನನ್ನ ಹೆಸರು ಅಲ್ಲಿಂದ ಬಂದದ್ದು. ಇರಲಿ, ದಾರಿ ತಪ್ಪಿದೆ.

ಗೆರೆಗೆ ಬರೋಣ. ಹಕ್ಕಿ ಗರಿಯ ಲೇಖನಿ ಒತ್ತಿದಲ್ಲಿ ನಿಧಾನಕ್ಕೆ ದಪ್ಪವಾಗಿ, ಬಿಟ್ಟಲ್ಲಿ ನಿಧಾನಕ್ಕೆ ತೆಳುವಾಗುತ್ತದೆ. ಉಕ್ಕಿನ ನಿಬ್ಬು ಚೂಪು, ಎರಡು ಅಂಚಿನಲ್ಲೂ ಕೊರೆದ ಗುರುತು ಬಿಡುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ಉಕ್ಕಿನ ನಿಬ್ಬು ರಾಶಿ ರಾಶಿಯಾಗಿ ತಯಾರಾಗತೊಡಗಿದ್ದು 1820ರ ದಶಕದಲ್ಲಿ. ನಿಮ್ಮ ಫೋಟೋದಲ್ಲಿ ನೀರಿನ ಗೆರೆಗಳು ಗರಿಯ ಗೆರೆಗಳ ಹಾಗೇ ಕಾಣುತ್ತವೆ. ಹಾಗಂತ ಹಳೆಯದೇ ಅನ್ನಲಾಗದು, ನಿಬ್ಬು ಬಂದ ಮೇಲೂ ಗರಿ ಬಿಡದವರು ಬಹಳ ಜನ.

ಇನ್ನೊಂದು ನೋಡ್ರಿ. ಕೆಲಸ ಎರಡು ಹಂತದಲ್ಲಿ ನಡೆಯುತ್ತಿತ್ತು. ಜಾಗದಲ್ಲಿ ಪೆನ್ಸಿಲು, ಮನೆಗೆ ಬಂದು ಮಸಿ. ಚಿನ್ನರಿ ಅಂತೂ ಹಾಳೆಯ ಅಂಚಿನಲ್ಲಿ ಗರ್ನಿ ಎಂಬ ಶೀಘ್ರಲಿಪಿಯಲ್ಲಿ ತಮಗೆ ತಾವೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಅಂದರೆ ಮಸಿಯ ಗೆರೆ ಬೀಳುವ ಹೊತ್ತಿಗೆ ಮಸೀದಿ ಕಣ್ಣ ಮುಂದೆ ಇರಲಿಲ್ಲ. ಮರವನ್ನು ಸ್ವಲ್ಪ ಬೆಳೆಸಬಹುದು, ದೋಣಿಯನ್ನು ಎಡಕ್ಕೆ ತಳ್ಳಬಹುದು. ಯಾರು ಕೇಳ್ತಾರೆ?

ಸುಮ್ನೆ ಬಂದವ (ಶುಕ್ರವಾರ, ಬೆಳಿಗ್ಗೆ 7:30)

ಮೇಷ್ಟ್ರೇ, ಈಗ ನೀವೇ ನನ್ನ ಕಡೆಗೆ ಬಂದ್ರಿ!

ಮರ ಬೆಳೆಸುವ ಮಾತಿಗೆ ಒಂದು ಕಥೆ ಇದೆ. ಇಂಗ್ಲೆಂಡಿನ ಪಕ್ಕದ ವೇಲ್ಸಿನಲ್ಲಿ ವೈ ಎಂಬ ನದಿಯ ದಂಡೆಯಲ್ಲಿ ಟಿಂಟರ್ನ್ ಅನ್ನುವ ಪಾಳುಬಿದ್ದ ಕ್ರೈಸ್ತ ಮಠ ಇದೆ. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ದೋಣಿಯಲ್ಲಿ ಹೋಗಿ ನೋಡಿದ್ದನ್ನು 1782ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಚಿತ್ರಕ್ಕೆ ಒಪ್ಪುವ ನೋಟ ಹೇಗಿರಬೇಕು ಅಂತ ಇಂಗ್ಲಿಷರಿಗೆ ಪಾಠ ಹೇಳಿದವರು ಅವರು. ಆ ಮಠದ ಗೋಡೆಯ ತುದಿ ತುಂಬಾ ನೇರವಾಗಿದೆ, ಹುಷಾರಾಗಿ ಸುತ್ತಿಗೆಯಲ್ಲಿ ಸ್ವಲ್ಪ ಒಡೆದರೆ ಚೆನ್ನಾಗಿರುತ್ತಿತ್ತು ಎಂದು ಬರೆದಿದ್ದಾರೆ. ಹಾಳೂ ಅವರಿಗೆ ಬೇಕಾದ ಹಾಗೆ ಹಾಳಾಗಿರಬೇಕು!

ಆ ಕಣ್ಣನ್ನೇ ಹೊತ್ತುಕೊಂಡು ಬಂಗಾಳಕ್ಕೆ ಬಂದರು. ದೋಣಿ, ಹೊಳೆ, ದಡದ ಮೇಲೆ ಕಮಾನು, ಮೇಲೊಂದು ಮರ. ಬುರಿಗಂಗೆಯಲ್ಲಿ ವೈ ನದಿ ಕಂಡಿತು ಅವರಿಗೆ. ಒಂದು ವ್ಯತ್ಯಾಸ ಮಾತ್ರ ಕಾಣಲಿಲ್ಲ. ಟಿಂಟರ್ನಿನಲ್ಲಿ ಪ್ರಾರ್ಥನೆ ನಿಂತು ಆಗಲೇ 250 ವರ್ಷ ಆಗಿತ್ತು. ಢಾಕಾದ ಮಸೀದಿಯಲ್ಲಿ ಪಕ್ಕದ ಕೇರಿಯವರು ಅಂದು ಬೆಳಿಗ್ಗೆ ನಮಾಜು ಮಾಡಿ ಹೋಗಿರಬಹುದು. ಗಾರೆ ಸುಣ್ಣದವರ ಮಾತಿನ ಪ್ರಕಾರ ಬಿದ್ದದ್ದು ಬರೀ ಹೊರಮೈ ಅಂದರೆ, ಅದಕ್ಕೆ 'ಹಾಳು' ಎಂದು ಹೆಸರು ಬರೆದದ್ದು ಯಾರು? ದೋಣಿಯಲ್ಲಿ ಕೂತು, ಚಪ್ಪಲಿ ಬಿಚ್ಚದೆ, ಒಳಗೆ ಹೋಗದೆ ವಾಪಸು ಹೋದವರು.

ಗಾರೆ ಸುಣ್ಣ (ಶುಕ್ರವಾರ, ಬೆಳಿಗ್ಗೆ 10:50)

ಈ ಮಾತು ಒಪ್ಪಿದೆ. ಆದರೆ ಬರೆದವರು ಎಲ್ಲಿ ಸುಳ್ಳು ಹೇಳಬಹುದು, ಎಲ್ಲಿ ಹೇಳಲು ಕಾರಣವೇ ಇಲ್ಲ, ಅದನ್ನು ಬೇರೆ ಮಾಡಬಹುದು. ಮರ, ದೋಣಿ, ಜನ, ಮೋಡ: ಇವು ಅಲಂಕಾರ. ಒಗ್ಗರಣೆಯ ಹಾಗೆ ಹಾಕಬಹುದು, ಬಿಡಬಹುದು. ಆದರೆ ಬಿರುಕು ಇಟ್ಟಿಗೆ ಸಂದಿಯಲ್ಲಿ ತಿರುಗಿದ್ದನ್ನು ಯಾರೂ ಅಂದಕ್ಕಾಗಿ ಬರೆಯೋದಿಲ್ಲ. ಕಂಡದ್ದಕ್ಕೆ ಬರೆದರು.

ಇನ್ನೊಂದು ಅಂಥದ್ದೇ ಗುರುತು ನಿಮ್ಮ ಫೋಟೋದಲ್ಲಿದೆ. ನೀರಿನ ಕಡೆಯ ಗೋಡೆಯ ನಡುವೆ ಒಂದು ಉಬ್ಬು ಇದೆ ನೋಡಿ, ಅರ್ಧ ಕಂಬದ ಹಾಗೆ ಹೊರಗೆ ಬಂದಿದೆ. ಬಾಗಿಲು ಮಾತ್ರ ಒಂದೂ ಇಲ್ಲ. ಅದು ಮಸೀದಿಯ ಹಿಂಭಾಗ. ಒಳಗೆ ಮೆಕ್ಕಾ ದಿಕ್ಕು ತೋರಿಸುವ ಮಿಹ್ರಾಬ್ ಗೂಡು ಇರುತ್ತದಲ್ಲ, ಅದರ ಬೆನ್ನು ಹೊರಗೆ ಹೀಗೆ ಉಬ್ಬಿ ಕಾಣುತ್ತದೆ. ಢಾಕಾದಿಂದ ಮೆಕ್ಕಾ ಪಶ್ಚಿಮಕ್ಕೆ. ಅಂದರೆ ನಾವು ನೋಡುತ್ತಿರುವುದು ಪಶ್ಚಿಮದ ಗೋಡೆ. ಮೂರು ಬಾಗಿಲು ಆಚೆ ಪೂರ್ವಕ್ಕಿವೆ, ಕಾಣೋದಿಲ್ಲ.

ಹಾಗಾದರೆ ಹೊಳೆ ಮಸೀದಿಯ ಪಶ್ಚಿಮಕ್ಕೆ ಇತ್ತು. ಹಳೇ ಢಾಕಾದ ಮುಂದೆ ಬುರಿಗಂಗಾ ಊರಿನ ದಕ್ಷಿಣಕ್ಕೆ ಹರಿಯುತ್ತದೆ. ಹೊಳೆ ಪಶ್ಚಿಮಕ್ಕೆ ಬರಬೇಕಾದರೆ ಊರಿನ ವಾಯವ್ಯ ಕಡೆ, ಈಗಿನ ಮೊಹಮ್ಮದ್‌ಪುರ, ರಾಯೇರ್‌ಬಜಾರ್ ಇರುವ ಬದಿಗೆ ಹೋಗಬೇಕು. ಗೋಡೆಯ ಮೇಲೆ ಬಿಸಿಲು ಬಿದ್ದಿದೆ, ಗೆರೆ ಕಡಿಮೆ. ಪಶ್ಚಿಮದ ಗೋಡೆಗೆ ಬಿಸಿಲು ಬೀಳೋದು ಮಧ್ಯಾಹ್ನದ ಮೇಲೆ. ಹೆಸರು ಸಿಗದಿದ್ದರೂ ದಿಕ್ಕು, ಹೊತ್ತು ಎರಡೂ ಸಿಕ್ಕವು.

ಬಳಪದ ಮೇಷ್ಟ್ರು (ಶುಕ್ರವಾರ, ಬೆಳಿಗ್ಗೆ 11:20)

ಭೇಷ್! ನನಗೆ ಮೂವತ್ತು ವರ್ಷದಲ್ಲಿ ಹೊಳೆಯದ್ದು ಇದು. ಒಂದು ಅನುಮಾನ ಮಾತ್ರ. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದರೆ ಎಡ ಬಲಕ್ಕೆ, ಬಲ ಎಡಕ್ಕೆ ಬರುತ್ತದೆ. ಕೊರೆಯುವವರು ಮೊದಲೇ ತಿರುಗಿಸಿ ಕೊರೆದರೆ ಸರಿ. ಇವರು ಯಾವುದಾದರೂ ಅಚ್ಚು ನೋಡಿ ನಕಲು ಮಾಡಿದ್ದರೆ?

ಗಾರೆ ಸುಣ್ಣ (ಶುಕ್ರವಾರ, ಬೆಳಿಗ್ಗೆ 11:28)

ತಿರುಗಿದರೂ ಬೆನ್ನು ಬೆನ್ನೇ ಮೇಷ್ಟ್ರೇ. ಬಿದ್ದ ಗುಮ್ಮಟ ಉತ್ತರದ್ದೋ ದಕ್ಷಿಣದ್ದೋ ಅನ್ನೋದು ಮಾತ್ರ ಅದಲುಬದಲಾಗುತ್ತದೆ.

ಪಟ್ಟಣದವಳು (ಶುಕ್ರವಾರ, ಮಧ್ಯಾಹ್ನ 3:00)

ನಾನು ಶ್ರೀರಂಗಪಟ್ಟಣದವಳು, ಇಷ್ಟು ಹೊತ್ತು ಸುಮ್ನೆ ಓದ್ತಾ ಇದ್ದೆ. ನಮ್ಮೂರನ್ನೂ ಹೀಗೇ ಬರೆದಿದ್ದಾರೆ. ಕಾರ್ನ್‌ವಾಲಿಸ್ ದಂಡಿನ ಜೊತೆ ರಾಬರ್ಟ್ ಹೋಮ್ ಎಂಬ ಕಲಾವಿದ ಬಂದಿದ್ದರು. ಅವರು ಬರೆದ ಮೈಸೂರು ಸೀಮೆಯ ನೋಟಗಳು 1794ರಲ್ಲಿ ಅಚ್ಚಾದವು. ಹೊಳೆ, ಕೋಟೆ, ಗುಮ್ಮಟ ಎಲ್ಲ ಇದೆ.

ಹೇಳಬೇಕಾದ್ದು ಬೇರೆ. ಇಲ್ಲಿ ಟಿಪ್ಪುವಿನ ಲಾಲ್ ಮಹಲ್ ಇತ್ತು. ಈಗ ಬರೀ ನೆಲ. ಪ್ರವಾಸಿಗಳು ಬಂದು "ಕಾಲ ಎಲ್ಲವನ್ನೂ ನುಂಗುತ್ತೆ" ಅಂತಾರೆ. ನುಂಗಿದ್ದು ಕಾಲ ಅಲ್ಲ. ಆ ಅರಮನೆಯ ತೊಲೆಗಳು ಊಟಿಗೆ ಹೋಗಿ ಸೇಂಟ್ ಸ್ಟೀಫನ್ ಚರ್ಚಿನ ಮಾಡಿಗೆ ಸೇರಿವೆ. 1830ರ ಸುಮಾರಿನಲ್ಲಿ ಕಟ್ಟಿದ ಚರ್ಚು ಅದು. ನಮ್ಮ ಕಡೆಯವರು ಊಟಿಗೆ ಹೋದಾಗ ತಲೆ ಎತ್ತಿ ನೋಡಿ ಬರುತ್ತಾರೆ.

ನಿಮ್ಮ ಚಿತ್ರದಲ್ಲಿ ಬಿದ್ದ ಗುಮ್ಮಟದ ಇಟ್ಟಿಗೆ ಕೆಳಗೆ ರಾಶಿ ಬಿದ್ದಿದೆಯಾ, ಇಲ್ಲಾ ಜಾಗ ಚೊಕ್ಕವಾಗಿದೆಯಾ? ರಾಶಿ ಇಲ್ಲದಿದ್ದರೆ ಯಾರೋ ಹೊತ್ತಿದ್ದಾರೆ.

ನೂಲೆಳೆ (ಶುಕ್ರವಾರ, ರಾತ್ರಿ 8:30)

ಎಲ್ಲರಿಗೂ ಒಟ್ಟಿಗೆ ಉತ್ತರ, ಸ್ವಲ್ಪ ಉದ್ದ ಆಗುತ್ತೆ.

ಇಲ್ಲಿ ಶುಕ್ರವಾರ ರಜೆ. ಜುಮ್ಮಾ ಜನ ಸೇರುವ ಮುಂಚೆ ಮೊಹಮ್ಮದ್‌ಪುರಕ್ಕೆ ಹೋಗಿ ಬಂದೆ. ಗಾರೆ ಸುಣ್ಣದವರ ಮಾತು ದಾರಿಯಲ್ಲೇ ಓದಿದೆ, ರಿಕ್ಷಾದಲ್ಲಿ ಕೂಗಿಕೊಂಡೆ! ಆ ಭಾಗದಲ್ಲಿ ಈಗಲೂ ನಿಂತಿರುವ ಹಳೆಯ ಮಸೀದಿ ಅಂದರೆ ಸಾತ್ ಗುಂಬದ್. 1680ರ ಆಸುಪಾಸಿನದ್ದು, ಮೊಘಲರ ಸುಬೇದಾರ ಶಾಯಿಸ್ತಾ ಖಾನ್ ಕಾಲದ್ದು ಅನ್ನುತ್ತಾರೆ. ಅದರ ಹೆಸರಿನ ದೊಡ್ಡ ರಸ್ತೆಯೇ ಇದೆ, ಸಾತ್ ಮಸ್ಜಿದ್ ರೋಡ್. ಹೆಸರು ಏಳು ಗುಮ್ಮಟ, ಮೇಲೆ ಇರುವುದು ಮೂರೇ. ಉಳಿದ ನಾಲ್ಕು ನಾಲ್ಕು ಮೂಲೆಯ ಗೋಪುರಗಳ ತಲೆಯ ಮೇಲಿವೆ. ಆ ಗೋಪುರಗಳು ಎಂಟು ಮೂಲೆಯವು, ಎರಡು ಅಂತಸ್ತಿನವು, ಒಳಗೆ ಪೊಳ್ಳು.

ಅಲ್ಲೇ ನಮ್ಮ ಚಿತ್ರ ಸೋತಿತು. ಚಿತ್ರದಲ್ಲಿ ಮೂಲೆಯ ಕಂಬಗಳು ಸಪೂರ. ಇದು ಸಾತ್ ಗುಂಬದ್ ಅಲ್ಲವೇ ಅಲ್ಲ. ಅದೇ ದಂಡೆಯ ಬೇರೆ ಯಾವುದೋ ಮಸೀದಿ.

ಆದರೆ ಹೋದದ್ದು ದಂಡ ಅನಿಸಲಿಲ್ಲ. ಡಾಯ್ಲಿ ಸಾತ್ ಗುಂಬದನ್ನೂ ಬರೆದಿದ್ದಾರೆ. 1814ರ ಆ ಚಿತ್ರ ಮೊಬೈಲಿನಲ್ಲಿತ್ತು. ಅದರಲ್ಲಿ ಮಸೀದಿ ಪಕ್ಕದಲ್ಲೇ ಹೊಳೆ. ಈಗ ಎತ್ತ ನೋಡಿದರೂ ಮನೆ, ಅಪಾರ್ಟ್‌ಮೆಂಟು. ಹೊಳೆ ಎಲ್ಲಿ ಅಂತ ಕೇಳಿದೆ. ಚಹಾ ಅಂಗಡಿಯ ಅಜ್ಜ ಪಶ್ಚಿಮಕ್ಕೆ ಕೈ ತೋರಿಸಿ, "ನಮ್ಮ ಹುಡುಗಾಟದಲ್ಲಿ ಮಳೆಗಾಲ ಬಂದರೆ ಇಲ್ಲಿವರೆಗೂ ನೀರು" ಎಂದರು. ಅವರ ಬಂಗಾಳಿ ನನಗೆ ಅರ್ಧ ಅರ್ಥವಾಗುತ್ತದೆ, ಕೈಸನ್ನೆ ಪೂರ್ತಿ ಅರ್ಥವಾಯಿತು. ಮಸೀದಿ ಮಾತ್ರ ಗಟ್ಟಿಯಾಗಿದೆ, ದಿನವೂ ನಮಾಜು ನಡೆಯುತ್ತದೆ. ಎದುರಿಗೆ ಸಣ್ಣ ತೋಟ. ಕಟ್ಟಡ ನಿಂತಿತು, ಹೊಳೆಯೇ ಹಾಳಾಯಿತು. ಬುರಿಗಂಗೆಯ ನೀರಿನ ಬಣ್ಣ ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರೂ ಇಲ್ಲಿನ ಹೊಳೆಗಳಿಗೇ ಸೇರುತ್ತದೆ. ನನ್ನ ಅನ್ನವೂ ಅಲ್ಲಿಂದಲೇ ಬರೋದು, ಜಾಸ್ತಿ ಮಾತಾಡಲಾರೆ.

ಪಟ್ಟಣದವರೇ, ಇಟ್ಟಿಗೆ ರಾಶಿ ಇಲ್ಲ. ಗೋಡೆಯ ಬುಡ ಗುಡಿಸಿಟ್ಟ ಹಾಗಿದೆ.

ಪಟ್ಟಣದವಳು (ಶುಕ್ರವಾರ, ರಾತ್ರಿ 8:52)

ಗುಡಿಸಿಟ್ಟ ಹಾಗಿದೆ ಅಂದ್ರಾ? ಹೊತ್ತೊಯ್ದವರು ಗುಡಿಸಿ ಹೋಗೋದಿಲ್ಲ ಕಣಮ್ಮ.

ನೂಲೆಳೆ (ಶುಕ್ರವಾರ, ರಾತ್ರಿ 10:40)

ನಿಮ್ಮ ಮಾತು ಓದಿ ಮತ್ತೆ ಮೆಟ್ಟಿಲಿಗೆ ಹೋದೆ. ಮೊಬೈಲ್ ಟಾರ್ಚು, ಭೂತಗನ್ನಡಿ, ಮ್ಯಾನೇಜರ್ ಪಕ್ಕದಲ್ಲಿ. ನೀರಿನ ಮೆಟ್ಟಿಲ ಮೇಲ್ತುದಿಯಲ್ಲಿ, ಮಸೀದಿ ಮೂಲೆ ತಿರುಗುವಲ್ಲಿ, ಒಂದು ಮಸಿಯ ಕಲೆ ಇದೆ. ಮೊದಲ ದಿನದಿಂದ ಅದನ್ನು ಲೇಖನಿ ಜಾರಿ ಬಿದ್ದ ಹನಿ ಅಂದುಕೊಂಡಿದ್ದೆ. ಚುಕ್ಕಿಗಳ ನಡುವೆ ಕಣ್ಣು ಕಿರಿದು ಮಾಡಿ ನೋಡಿದರೆ ದುಂಡನೆ ಹೊಟ್ಟೆ, ಮೇಲೆ ಸಣ್ಣ ಕತ್ತು, ಒಂದು ಬದಿಗೆ ಬಾಗಿದ ಮೂತಿ.

ನಾನು "ಗಿಂಡಿ" ಅಂದೆ. ಮ್ಯಾನೇಜರ್ "ಬದ್ನಾ" ಅಂದರು. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ಪಾತ್ರೆಯಂತೆ. ಅವರ ಊರಿನ ಮನೆಯಲ್ಲಿ ತಾಮ್ರದ್ದು ಈಗಲೂ ಇದೆಯಂತೆ.

ಗಾರೆ ಸುಣ್ಣ (ಶುಕ್ರವಾರ, ರಾತ್ರಿ 10:58)

ಪಶ್ಚಿಮದ ಗೋಡೆಗೆ ಬಿಸಿಲು, ಮಧ್ಯಾಹ್ನದ ಮೇಲಿನ ಹೊತ್ತು. ಅಸರ್ ನಮಾಜಿನ ಹೊತ್ತು.

ಸುಮ್ನೆ ಬಂದವ (ಶುಕ್ರವಾರ, ರಾತ್ರಿ 11:05)

'ಏನೂ ತಿಳಿಯೋದಿಲ್ಲ' ಅಂದಿದ್ದೆ. ವಾಪಸು ತಗೊಂಡೆ. ಆದರೆ ಗಿಂಡಿ ಬರೆದ ಕೈಯೇ ಕೆಳಗೆ 'ಹಾಳು' ಅಂತಲೂ ಬರೆಯಿತಲ್ಲ, ಅದನ್ನು ಮಾತ್ರ ಬಿಟ್ಟುಕೊಡೋದಿಲ್ಲ.

ಬಳಪದ ಮೇಷ್ಟ್ರು (ಶುಕ್ರವಾರ, ರಾತ್ರಿ 11:12)

ಚಿತ್ರ ಮಸಿಯದ್ದು, ಕೆಳಗಿನ ಬರಹ ಪೆನ್ಸಿಲಿನದ್ದು. ಕೈ ಒಂದೇ ಇರಬೇಕಂತೇನಿಲ್ಲ. ತಂಗಿ, ಬರಹದ ಹತ್ತಿರದ ಫೋಟೋ ಒಂದು ಬೇಕು. ಗಾಜು ಬಿಚ್ಚಿಸಲಿಕ್ಕೆ ಆಗ್ತದೇನು?

ನೂಲೆಳೆ (ಶುಕ್ರವಾರ, ರಾತ್ರಿ 11:20)

ಬೆಳಿಗ್ಗೆ ಸ್ಕ್ರೂ ಡ್ರೈವರ್ ತರುತ್ತೇನೆ ಅಂದಿದ್ದಾರೆ. ಫ್ಲೈಟು ಮಧ್ಯಾಹ್ನಕ್ಕೆ. ಹೊರಡುವ ಮುಂಚೆ ತೆಗೆದು ಇಲ್ಲೇ ಹಾಕುತ್ತೇನೆ.